ಎಡಗಡೆಯಿಂದ ಬಾರದ ಚೆಂಡು

ಪೋರೂರಿನಲ್ಲಿ ಜಯು ಹೊಸ ಮನೆ ಮಾಡಿಕೊಂಡಿದ್ದ. ಗೃಹಪ್ರವೇಶಕ್ಕೆ ಹೋದವನಿಗೆ ಬಾಗಿಲಲ್ಲೇ ಎದುರಾದದ್ದು ಹೋಮದ ಹೊಗೆಯಲ್ಲ, ನೀಲಗಿರಿ ಎಣ್ಣೆಯ ವಾಸನೆ. ನಮಸ್ಕಾರ ಮಾಡಲು ಬಗ್ಗಿದ ಜಯು ಏಳುವಾಗ ಒಂದು ಕೈಯನ್ನು ಮೊಣಕಾಲಿಗೆ ಊರಿಕೊಂಡ. ರೇಷ್ಮೆ ಪಂಚೆಯ ಒಳಗಿನಿಂದ ಆ ವಾಸನೆ ಬರುತ್ತಿತ್ತು.

“ಇನ್ನೂ ನೋಯುತ್ತೇನೋ?” ಎಂದೆ.

“ಮೆಟ್ಲು ಹತ್ತಿದ್ರೆ ಮಾತ್ರ ಮಾಮಾ. ಬನ್ನಿ, ಒಳಗೆ ಬನ್ನಿ.”

ಅಷ್ಟೇ ಮಾತು. ಆದರೆ ಆಟದ ದಿನಗಳಿಂದ ಅವನು ಮೊಣಕಾಲಿಗೆ ಹಚ್ಚಿಕೊಳ್ಳುತ್ತಿದ್ದ ಆ ಎಣ್ಣೆಯ ವಾಸನೆ ನನ್ನನ್ನು ಕೈಹಿಡಿದು ಏಳು ವರ್ಷ ಹಿಂದಕ್ಕೆ, ಕೋಡಂಬಾಕ್ಕಂನ ಒಂದು ಶಾಲೆಯ ಮೈದಾನಕ್ಕೆ ಎಳೆದುಕೊಂಡು ಹೋಯಿತು. ನಾನು ಹೋಗಬಾರದೆಂದುಕೊಂಡಿದ್ದ ಜಾಗ ಅದು.

ಜಯು, ಎಂದರೆ ಜಯತೀರ್ಥ, ನನ್ನ ಅಕ್ಕ ಪದ್ಮಳ ಒಬ್ಬನೇ ಮಗ. ನಾವು ಮದ್ರಾಸಿಗೆ ಬಂದು ನಾಲ್ಕು ತಲೆಮಾರಾಯಿತು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಜಯುವಿನ ಕಾಲಕ್ಕೆ ಹೊಸ್ತಿಲ ಒಳಗೂ ಅರ್ಧ ತಮಿಳು ಬಂದಿತ್ತು. ಭಾವ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅಕ್ಕ ಮಗನನ್ನು ಕರೆದುಕೊಂಡು ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗೆ ಬಂದಳು. ಅವನಿಗೆ ಮೊದಲ ಚೆಂಡು ಕೊಡಿಸಿದವನು ನಾನು. ಬೀದಿಯ ಹುಡುಗರೆಲ್ಲ ಬ್ಯಾಟು ಹಿಡಿದು ಓಡುತ್ತಿದ್ದಾಗ ಇವನೊಬ್ಬನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಫುಟ್‌ಬಾಲ್ ಮೈದಾನಕ್ಕೆ ಕರೆದೊಯ್ದವನೂ ನಾನೇ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ ಕಾಲವೂ ಒಂದಿತ್ತು.

ನಾನು ಆಗ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಸಂಜೆಯ ಹೊತ್ತು ಎರಡನೇ ಡಿವಿಜನ್ನಿನ ಸಣ್ಣ ಫುಟ್‌ಬಾಲ್ ಕ್ಲಬ್ಬೊಂದರ ಕಾರ್ಯದರ್ಶಿ. ಕ್ರಿಕೆಟ್ಟಿನ ಊರಿನಲ್ಲಿ ಫುಟ್‌ಬಾಲ್ ಕ್ಲಬ್ಬು ನಡೆಸುವುದೆಂದರೆ ಮದುವೆಮನೆಯಲ್ಲಿ ನಿಂತು ಉಪವಾಸದ ಮಹಿಮೆ ಹೇಳಿದ ಹಾಗೆ. ಕೇಳಿದವರು ನಗುತ್ತಾರೆ, ಕೆಲವರು ಪಾಪ ಅನ್ನುತ್ತಾರೆ. ನಮ್ಮ ಪಂದ್ಯಕ್ಕೆ ಬರುತ್ತಿದ್ದವರು ಹೆಚ್ಚೆಂದರೆ ನಲವತ್ತು ಜನ. ಮನೆಯಿಂದಲೇ ಸ್ಟೂಲು ತರುತ್ತಿದ್ದ ನಿವೃತ್ತ ಪೋಸ್ಟ್‌ಮನ್ ಒಬ್ಬರು, ಆಟಗಾರರ ಅಣ್ಣತಮ್ಮಂದಿರು, ಮತ್ತೆ ಕೋಯಂಬೇಡು ಮಾರುಕಟ್ಟೆಯ ಹೊರಗೆ ಆಟೋ ಓಡಿಸುವ ಹತ್ತು ಹನ್ನೆರಡು ಮಂದಿ. ಆಟೋದವರ ಮುಂದಾಳು ಕುಮಾರ್. ಅವರು ಬರುತ್ತಿದ್ದದ್ದು ಕ್ಲಬ್ಬಿಗಾಗಿ ಅಲ್ಲ, ಜಯುವಿನ ಎಡಗಾಲಿಗಾಗಿ. ಅವನು ಎಡಗಡೆಯ ಗೆರೆ ಹಿಡಿದು ಓಡುತ್ತಿದ್ದರೆ ಇವರೂ ಗೆರೆಯ ಹೊರಗೆ ಅವನ ಜೊತೆಗೇ ಓಡುತ್ತಿದ್ದರು. ಮೂಲೆಗೆ ಹೋಗಿ ಅವನು ತೇಲಿಸಿ ಕೊಟ್ಟ ಚೆಂಡು ಗೋಲಿನ ಮುಂದೆ ಬೇಕಾದವರ ತಲೆಗೆ ಬೇಕಾದ ಹಾಗೆ ಬಂದು ಇಳಿಯುತ್ತಿತ್ತು.

ಜಪಾನ್, ಕೊರಿಯಾಗಳಲ್ಲಿ ವಿಶ್ವಕಪ್ ನಡೆದ ವರ್ಷ ಅದು. ಅಲ್ಲಿ ಸಂಜೆಯ ಆಟ ನಮಗೆ ಮಧ್ಯಾಹ್ನಕ್ಕೇ ಬರುತ್ತಿತ್ತು. ಜೂನ್ ತಿಂಗಳ ಸೆಕೆ, ಬೀದಿಯಲ್ಲಿ ನಾಯಿಯೂ ಓಡಾಡದ ಬಿಸಿಲು. ನಮ್ಮ ಕ್ಲಬ್ಬಿನ ಪೋಷಕರಾದ ಐತಾಳರು ತಮ್ಮ ಹೋಟೆಲಿನಲ್ಲಿ ಒಂದು ಟಿವಿ ತಂದು ಗೋಡೆಗೆ ಹಾಕಿಸಿದರು. ಕುಂದಾಪುರದ ಕಡೆಯವರು, ತಂದೆಯ ಕಾಲದಿಂದ ಕೋಡಂಬಾಕ್ಕಂನಲ್ಲೇ ಹೋಟೆಲು. ಒಂದು ಕಾಲದಲ್ಲಿ ಸ್ಟುಡಿಯೋಗಳಿಗೆ ಬರುತ್ತಿದ್ದ ಕನ್ನಡ ಸಿನಿಮಾದವರಿಗೆಲ್ಲ ಅಲ್ಲಿಂದಲೇ ಊಟ ಹೋಗುತ್ತಿತ್ತು. ಆ ಜೂನಿನಲ್ಲಿ ಹೋಟೆಲಿನೊಳಗೆ ಕಾಲಿಡಲು ಜಾಗವಿರಲಿಲ್ಲ. ಜನ್ಮದಲ್ಲಿ ಚೆಂಡು ಒದೆಯದವರು ಬ್ರೆಜಿಲ್ಲಿನ ಪರವಾಗಿ ಮೇಜು ಗುದ್ದಿದರು. ಸರ್ವರುಗಳು ಕಾಫಿ ಲೋಟ ಹಿಡಿದುಕೊಂಡೇ ಟಿವಿ ನೋಡುತ್ತ ನಿಂತರು. ಕೊನೆಯ ಪಂದ್ಯದ ಭಾನುವಾರ ಐತಾಳರು ಸಂಜೆಗೆ ಮಾಡಿಸಿದ್ದ ಬೋಂಡ ಆಟದ ನಡುವೆಯೇ ಖಾಲಿಯಾಯಿತು.

ಎರಡು ಮೈಲಿ ಆಚೆಗೂ ಇಲ್ಲದ ನಮ್ಮ ಮೈದಾನಕ್ಕೆ ಮರುವಾರ ಬಂದವರು ಅದೇ ನಲವತ್ತು ಜನ.

“ಅವ್ರೆಲ್ಲ ಎಲ್ಲಿ ಹೋದ್ರು ಐತಾಳ್ರೇ?” ಎಂದು ನಾನು ಗೋಳಾಡಿದೆ.

ಐತಾಳರು ಗಲ್ಲಾದ ಹಿಂದಿನಿಂದ ನಕ್ಕರು. “ಕಾಣಿ ಮಾರಾಯ್ರೆ, ನಮ್ಮೂರಂಗೆ ಜನ ಮೇಳದ ಆಟಕ್ಕೆ ಹೋಪುದ್ ಹ್ಯಾಂಗೆ? ಪ್ರಸಂಗ ಯಾವುದ್ ಅಂದ್ ಕೇಂಡ್ ಹೋಪುದಲ್ಲ. ಇವತ್ತ್ ಯಾರ್ ಬತ್ರ್ ಅಂದ್ ಕೇಂಡ್ ಹೋಪುದ್. ಒಬ್ಬ ದೊಡ್ಡ ವೇಷಧಾರಿ ಬತ್ರ್ ಅಂದ್ರೆ ಸಾಕ್, ಟೆಂಟ್ ತುಂಬತ್ತ್. ನಿಮ್ ಟೀಮಂಗೆ ಯಾರ್ ಇದ್ರ್ ಹೇಳಿ?”

ಯಕ್ಷಗಾನದ ಮೇಳಕ್ಕೆ ಹೆಸರುವಾಸಿ ಕಲಾವಿದರನ್ನು ಒಂದು ದಿನದ ಮಟ್ಟಿಗೆ ಅತಿಥಿಯಾಗಿ ಕರೆಸುವ ರೂಢಿಯನ್ನು ಅವರು ಹೇಳುತ್ತಿದ್ದರು. ಸಿನಿಮಾದವರಿಗೆ ಊಟ ಹಾಕಿ ಬೆಳೆದವರು ಬೇರೆ. ಸ್ಟಾರ್ ಎಂದರೇನು ಎಂದು ಕೋಡಂಬಾಕ್ಕಂನಲ್ಲಿ ಯಾರಿಗೂ ಯಾರೂ ಪಾಠ ಹೇಳಬೇಕಾಗಿಲ್ಲ. ನನಗೂ ಅದು ಸರಿಯೆನಿಸಿತು. ಸರಿಯೆನಿಸುವುದೇನು, ತಲೆಗೇ ಏರಿತು.

ಐತಾಳರ ಷಡ್ಡಕರು ಕಲ್ಕತ್ತೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಅಲ್ಲಿಗೆ ದಿನಾ ದೋಸೆ ತಿನ್ನಲು ಬರುತ್ತಿದ್ದ ಒಬ್ಬ ಆಟಗಾರನಿದ್ದ. ಒಂದು ಕಾಲದಲ್ಲಿ ದೇಶಕ್ಕೆ ಆಡಿದವನು, ಪತ್ರಿಕೆಗಳ ಮುಖಪುಟದಲ್ಲಿ ಬಂದವನು. ಹೆಸರು ಬೇಡ, ನಾವೆಲ್ಲ ಅವನನ್ನು ದಾದಾ ಎಂದೇ ಕರೆದೆವು. ಮೂವತ್ತಾರು ದಾಟಿತ್ತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಕೈಬಿಟ್ಟಿದ್ದವು. ಲೀಗಿನ ಕೊನೆಯ ಮೂರು ಪಂದ್ಯಕ್ಕೆ ಬರುತ್ತೇನೆ, ಇರಲು ಜಾಗ ಮತ್ತು ಹೊತ್ತು ಹೊತ್ತಿಗೆ ದೋಸೆ ಸಾಕು ಎಂದುಬಿಟ್ಟ. ನಾವು ಪುಣ್ಯ ಮಾಡಿದ್ದೇವೆ ಅಂದುಕೊಂಡೆವು.

ಒಂದು ತೊಡಕಿತ್ತು. ಲೀಗಿಗೆ ಪ್ರತಿ ಕ್ಲಬ್ಬು ಹದಿನೆಂಟು ಹೆಸರುಗಳ ಪಟ್ಟಿ ಕೊಡಬೇಕು. ನಡುವೆ ಒಂದೇ ಒಂದು ಸಲ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಸೇರಿಸಬಹುದು. ತೆಗೆದವನು ಆ ವರ್ಷ ಮತ್ತೆ ಒಳಗೆ ಬರುವಂತಿಲ್ಲ. ಪಟ್ಟಿ ಬರೆದು ಸಹಿ ಹಾಕುವವನು ಕಾರ್ಯದರ್ಶಿ, ಅಂದರೆ ನಾನು.

ಯಾರನ್ನು ತೆಗೆಯುವುದು? ಎರಡನೇ ಗೋಲ್‌ಕೀಪರ್ ಇಡೀ ವರ್ಷ ಬೆಂಚಿನ ಮೇಲೇ ಕೂತಿದ್ದ, ತೆಗೆದರೆ ತಂಡಕ್ಕೆ ಕೂದಲೂ ಕೊಂಕುತ್ತಿರಲಿಲ್ಲ. ಆದರೆ ಮಗನಿಗೊಂದು ಅವಕಾಶ ಸಿಗಲೆಂದು ಅವನಪ್ಪ ಮೂರು ವರ್ಷದಿಂದ ನನ್ನ ಮುಖ ನೋಡಿ ಕಾಯುತ್ತಿದ್ದರು. ಇನ್ನೊಬ್ಬನಿಗೆ ಆಗತಾನೇ ಮದುವೆ. ಮತ್ತೊಬ್ಬ ಊರ ಗಣ್ಯರ ಮಗ. ಹೀಗೆ ಹದಿನೇಳು ಜನರಿಗೂ ಒಂದೊಂದು ಕಾರಣ ನನ್ನ ಬಳಿ ಇತ್ತು. ಕಾರಣವೇ ಇಲ್ಲದೆ ತೆಗೆಯಬಹುದಾದವನು ಒಬ್ಬನೇ, ನನ್ನ ಮನೆಯವನು. ‘ಮಾಮಾ ಸೆಕ್ರೆಟರಿ, ಅದಕ್ಕೇ ಅಳಿಯ ಟೀಮಲ್ಲಿ’ ಎಂದು ಬೆನ್ನ ಹಿಂದೆ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಜಯುವಿನ ಹೆಸರು ಹೊಡೆದರೆ ಆ ಬಾಯಿಗಳು ಮುಚ್ಚುತ್ತವೆ. ನಾನು ಎಂಥ ನ್ಯಾಯವಂತ ಎಂದು ನಾಲ್ಕು ಜನ ಮಾತಾಡಿಕೊಳ್ಳುತ್ತಾರೆ. ಈಗ ಮುಚ್ಚಿಟ್ಟು ಏನು ಪ್ರಯೋಜನ? ಆಟದ ಲೆಕ್ಕಾಚಾರಕ್ಕಿಂತ ಈ ಆಸೆಯೇ ನನ್ನ ಕೈಗೆ ಪೆನ್ನು ಕೊಟ್ಟಿತು.

ಆದರೆ ಜಯುವಿಗೆ ಆ ವರ್ಷ ಪಟ್ಟಿಯಲ್ಲಿ ಇರಬೇಕಾದ ಅಗತ್ಯ ಬೇರೆ ಯಾವ ವರ್ಷಕ್ಕಿಂತ ಹೆಚ್ಚಾಗಿತ್ತು. ಕೇಂದ್ರ ಸರಕಾರದ ಕಚೇರಿಯೊಂದು ಕ್ರೀಡಾ ಕೋಟಾದಲ್ಲಿ ಫುಟ್‌ಬಾಲ್ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಪ್ರಕಟಣೆ ಕೊಟ್ಟಿತ್ತು. ಬೆಳಿಗ್ಗೆ ಗುಮಾಸ್ತಿಕೆ, ಮಧ್ಯಾಹ್ನದ ಮೇಲೆ ಮೈದಾನ. ಆಟವೂ ಉಳಿಯುತ್ತದೆ, ಮನೆಯೂ ನಡೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಆಯ್ಕೆ. ಇಪ್ಪತ್ತೈದು ದಾಟಿರಬಾರದು, ಆ ಸಾಲಿನ ಲೀಗ್ ಪಟ್ಟಿಯಲ್ಲಿ ಹೆಸರಿರಬೇಕು. ಡಿಸೆಂಬರಿಗೆ ಜಯುವಿಗೆ ಇಪ್ಪತ್ತೈದು ತುಂಬುತ್ತಿತ್ತು, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಅರ್ಜಿ ತುಂಬಿಸಿಕೊಟ್ಟವನೇ ನಾನು. ಅಷ್ಟು ಹೊತ್ತಿಗೆ ಆರು ಪಂದ್ಯ ಆಡಿದ್ದಾನಲ್ಲ, ಒಂದು ಪತ್ರ ಬರೆದುಕೊಟ್ಟರೆ ಆಯಿತು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದೆ. ಆ ಕಚೇರಿಗೆ ಒಂದು ಸಲ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ.

ಆಗಸ್ಟಿನಲ್ಲಿ ರಾಯರ ಆರಾಧನೆ ಬಂತು. ನಮ್ಮ ಮನೆಯಲ್ಲಿ ಆ ದಿನ ಐವತ್ತು ಅರವತ್ತು ಎಲೆ ಬೀಳುತ್ತದೆ. ಬಂದವರೆಲ್ಲ ಉಂಡ ಮೇಲೆ ಮನೆಯವರದು ಕೊನೆಯ ಪಂಕ್ತಿ. ಅದು ನಮ್ಮಲ್ಲಿ ನಿಯಮವೂ ಅಲ್ಲ, ಯಾರೂ ಹೇಳಿಕೊಡುವುದೂ ಇಲ್ಲ, ಬಡಿಸಿದವರು ಕೊನೆಗೆ ಕೂರುತ್ತಾರೆ ಅಷ್ಟೇ. ಪಾಯಸದ ಪಾತ್ರೆ ತಳ ಕಂಡಿರುತ್ತದೆ, ಹಪ್ಪಳ ಮೆತ್ತಗಾಗಿರುತ್ತದೆ. ಅದಕ್ಕೆ ಬೇಸರಪಡುವವನು ಮನೆಯವನೇ ಅಲ್ಲ. ಅಂದು ಮಧ್ಯಾಹ್ನ ಮೂರು ಗಂಟೆಗೆ ಜಯು, ನಾನು ಪಕ್ಕಪಕ್ಕದ ಎಲೆಗೆ ಕೂತೆವು.

“ಜಯೂ, ಒಂದು ಮಾತು.”

“ಸೊಲ್ಲುಂಗ ಮಾಮಾ,” ಎಂದ. ಹೇಳಿ ಎನ್ನುವುದು ಅವನ ಬಾಯಲ್ಲಿ ಯಾವಾಗಲೂ ತಮಿಳಿನಲ್ಲೇ.

“ದಾದಾ ಬರ್ತಾರಲ್ಲ, ಲಿಸ್ಟಿಂದ ಒಂದು ಹೆಸರು ತೆಗೀಬೇಕು. ಯಾರನ್ನ ತೆಗೆದ್ರೂ ಅವ್ರ ಮನೆಯವ್ರು ನಮ್ಮ ಬಾಗಲಿಗೆ ಬರ್ತಾರೆ. ನಿನ್ನ ಹೆಸ್ರು ಹೊಡೀತೀನಿ ಅಂತಿದೀನಿ. ಮೂರೇ ಮ್ಯಾಚು. ನಾವು ಮನೆಯವ್ರಲ್ವೇನೋ, ಕೊನೇ ಪಂಕ್ತಿಲಿ ಕೂತ್ಕೊಳೋಣ.”

ಅವನು ಸಾರನ್ನದಲ್ಲಿ ಬೆರಳಾಡಿಸುತ್ತ ಕೂತ. “ಸೆಲೆಕ್ಷನ್?” ಎಂದ.

“ಆರು ಮ್ಯಾಚ್ ಆಡಿದೀಯ. ಲೆಟರ್ ಕೊಡೋನು ನಾನು. ನಾನಿಲ್ವಾ?”

“ಪರವಾಯಿಲ್ಲೆ ಮಾಮಾ,” ಎಂದ.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. “ಪಾಯಸ ಮುಗೀತು ಕಣೋ ಗೋಪಿ, ಒಬ್ರಿಗಾಗೋಷ್ಟಿದೆ,” ಎಂದಳು. ಜಯು ನನ್ನ ಎಲೆ ತೋರಿಸಿದ. ನಾನು ಬಡಿಸಿಕೊಂಡು ಉಂಡೆ.

ದಾದಾ ಪಂದ್ಯಕ್ಕೆ ಎರಡು ದಿನ ಮೊದಲೇ ಬಂದ. ಒಳ್ಳೆಯ ಮನುಷ್ಯ, ಸೊಕ್ಕಿಲ್ಲದವನು. ಅಭ್ಯಾಸಕ್ಕೆ ಇಳಿದಾಗ ಜಯುವೂ ಬಂದಿದ್ದ. ಹೆಸರು ಹೊಡೆದಿದ್ದರೂ ಸಂಜೆಯಾದರೆ ಅವನ ಕಾಲು ಮೈದಾನದ ಕಡೆಗೇ ಬರುತ್ತಿತ್ತು. ಎಡಮೂಲೆಯಿಂದ ಅವನು ಚೆಂಡು ತೇಲಿಸಿದ, ದಾದಾ ಹಾರಿ ತಲೆ ಕೊಟ್ಟ, ಗೋಲು. ಮತ್ತೊಂದು, ಮತ್ತೊಂದು. ದಾದಾ ಮಗುವಿನ ಹಾಗೆ ನಕ್ಕು ಜಯುವಿನ ತಲೆ ಸವರಿದ. ನಾನು ಅತ್ತ ನೋಡದೆ ಬಲೆಯ ಹಗ್ಗ ಬಿಗಿಯುತ್ತ ನಿಂತೆ.

ಮೊದಲ ಪಂದ್ಯದ ದಿನ ಐತಾಳರ ಮಾತು ನಿಜವಾಯಿತು. ಬೀದಿಬೀದಿಗೆ ಪೋಸ್ಟರು ಅಂಟಿಸಿದ್ದೆವು. ಶಾಲೆಯ ಗೋಡೆಯ ಮೇಲೂ ಜನ, ಬೇವಿನ ಮರದ ಮೇಲೂ ಜನ. ಸ್ಟೂಲಿನ ಪೋಸ್ಟ್‌ಮನ್ನರು ಸ್ಟೂಲು ಹಾಕಲು ಜಾಗವಿಲ್ಲದೆ ಅದನ್ನು ಎದೆಗವಚಿಕೊಂಡು ನಿಂತಿದ್ದರು. ಐತಾಳರು ನನ್ನ ಬೆನ್ನು ತಟ್ಟಿ, “ನಾ ಹೇಳಿದ್ದ್ ಹೌದಾ ಅಲ್ದಾ?” ಎಂದರು. ನನಗೆ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷ ಆ ದೃಶ್ಯಕ್ಕಾಗಿ ಕಾದಿದ್ದೆ.

ಮೈದಾನದ ಸುಣ್ಣದ ಗೆರೆ ಎಳೆದಿದ್ದವನು ಜಯು. ಕುಡಿಯುವ ನೀರು ಹೊತ್ತು ತಂದಿದ್ದವನೂ ಅವನೇ.

ಆಟ ಶುರುವಾಯಿತು. ದಾದಾ ಗೋಲಿನ ಮುಂದೆ ನಿಂತು ಕೈಯೆತ್ತಿದ. ಚೆಂಡು ಬರಲಿಲ್ಲ. ಎಡಗಡೆ ನಿಲ್ಲಿಸಿದ್ದ ಹುಡುಗ ಬಲಗಾಲಿನವನು, ಮೂಲೆಯವರೆಗೆ ಹೋಗಿ ಚೆಂಡನ್ನು ತಿರುಗಿಸಿಕೊಳ್ಳುವಷ್ಟರಲ್ಲಿ ಎದುರಾಳಿಗಳು ಮುತ್ತಿಕೊಳ್ಳುತ್ತಿದ್ದರು. ದಾದಾ ಮತ್ತೆ ಕೈಯೆತ್ತಿದ. ಆ ವಯಸ್ಸಿನಲ್ಲಿ ಹಿಂದೆ ಬಂದು, ಕಸಿದುಕೊಂಡು, ಒಬ್ಬನೇ ಮುಂದೆ ಓಡುವ ಶಕ್ತಿ ಅವನಿಗಿರಲಿಲ್ಲ. ಬಂದ ಚೆಂಡನ್ನು ಗೋಲಾಗಿಸುವುದೊಂದೇ ಅವನಲ್ಲಿ ಉಳಿದಿದ್ದ ವಿದ್ಯೆ. ಅರ್ಧ ಸಮಯದಲ್ಲಿ ಜಯು ನಿಂಬೆಹಣ್ಣಿನ ಹೋಳು ತುಂಬಿದ ತಟ್ಟೆ ಹಿಡಿದು ಎಲ್ಲರಿಗೂ ಹಂಚುತ್ತ ಬಂದ. ದಾದಾ ಹೋಳು ತೆಗೆದುಕೊಂಡು ಅವನ ಮುಖ ನೋಡಿದ, ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ. “ಇವನನ್ನು ಯಾಕೆ ಇಳಿಸಿಲ್ಲ?”

“ನಿಮ್ಮನ್ನು ಸೇರಿಸೋಕೆ ಇವನ ಹೆಸರು ತೆಗೀಬೇಕಾಯ್ತು,” ಎಂದೆ.

ದಾದಾ ಹೋಳನ್ನು ತಟ್ಟೆಗೆ ಮರಳಿ ಇಟ್ಟ. “ಸೆಕ್ರೆಟರಿ ಸಾಹೇಬ್,” ಎಂದ, “ನನಗೆ ಚೆಂಡು ಕೊಡುವವನನ್ನೇ ತೆಗೆದು ನನ್ನನ್ನು ಕರೆಸಿದಿರಾ?” ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಎರಡನೇ ಅರ್ಧದ ಮೊದಲಲ್ಲೇ ಅವನ ತೊಡೆ ಹಿಡಿದುಕೊಂಡಿತು. ಕುಂಟುತ್ತ ಹೊರಗೆ ಬಂದ. ಜನ ಅವನನ್ನು ಮುತ್ತಿ ಕೈ ಕುಲುಕಿದರು, ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡರು, ಹೊರಟುಹೋದರು. ಒಳಗೆ ಉಳಿದ ಇಪ್ಪತ್ತೊಂದು ಮಂದಿ ಇನ್ನೂ ಆಡುತ್ತಲೇ ಇದ್ದಾರೆಂಬುದು ಯಾರಿಗೂ ನೆನಪಾಗಲಿಲ್ಲ. ದೊಡ್ಡ ವೇಷಧಾರಿಯ ಪಾತ್ರ ಮುಗಿದ ಕೂಡಲೇ ಟೆಂಟು ಖಾಲಿಯಾಗುತ್ತದೆ ಎಂಬುದನ್ನು ಐತಾಳರು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ದಾದಾ ತೊಡೆಗೆ ಪಟ್ಟಿ ಸುತ್ತಿಕೊಂಡೇ ಇಳಿದ ಎರಡನೇ ಪಂದ್ಯಕ್ಕೆ ಜನ ಅರ್ಧಕ್ಕಿಳಿದರು. ಮೂರನೆಯದರ ದಿನ ಸಂಜೆ ಒಂದು ಮಳೆ ಬಂತು. ಅಂದು ಮೈದಾನದ ಸುತ್ತ ಇದ್ದವರನ್ನು ಎಣಿಸುವ ಧೈರ್ಯವೇ ನನಗಾಗಲಿಲ್ಲ. ಹಳೆಯ ನಲವತ್ತೂ ಇರಲಿಲ್ಲ, ಆಟೋದವರೊಬ್ಬರೂ ಬಂದಿರಲಿಲ್ಲ. ಮರುದಿನ ಕೋಯಂಬೇಡಿನಲ್ಲಿ ಕುಮಾರ್ ಸಿಕ್ಕಾಗ ಯಾಕಪ್ಪಾ ಬರಲಿಲ್ಲ ಎಂದೆ. ಅವನು ಆಟೋದ ಗಾಜು ಒರೆಸುತ್ತ ತಮಿಳಿನಲ್ಲೇ ಹೇಳಿದ. “ನಿಮ್ಮ ಸ್ಟಾರನ್ನ ನೋಡೋಕೆ ಊರೇ ಬರತ್ತೆ ಸಾರ್, ನಾವ್ಯಾಕೆ? ನಮ್ಮ ಸ್ಟಾರ್ ನಿಂಬೆಹಣ್ಣು ಹಂಚ್ತಿದ್ದ. ಅದನ್ನ ನೋಡಕ್ಕಾಗಲ್ಲ.”

ಒಬ್ಬ ಸ್ಟಾರ್ ಬಂದರೆ ಈ ಊರಿನವರು ಫುಟ್‌ಬಾಲ್ ನೋಡುತ್ತಾರೆಯೇ ಎಂದು ಆಮೇಲೆಯೂ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ನೋಡುತ್ತಾರೆ, ಸ್ಟಾರನ್ನು ನೋಡುತ್ತಾರೆ. ಆಟಕ್ಕೆ ಬರುವವರು ತಮ್ಮವನೊಬ್ಬ ಅದರಲ್ಲಿದ್ದಾನೆ ಎಂದು ಬರುತ್ತಾರೆ. ಅಂಥ ಹನ್ನೆರಡು ಜನ ನಮಗಿದ್ದರು, ಅವರನ್ನು ನಾನೇ ಕಳುಹಿಸಿಬಿಟ್ಟೆ.

ಸೆಪ್ಟೆಂಬರಿನಲ್ಲಿ ನನ್ನ ಪತ್ರ ಹಿಡಿದು ಜಯು ಆಯ್ಕೆಗೆ ಹೋದ. ಆರು ಪಂದ್ಯ ಆಡಿದ್ದಾನೆ ಎಂಬ ಪತ್ರ. ಅಲ್ಲಿದ್ದ ಅಧಿಕಾರಿ ಲೀಗಿನಿಂದ ಬಂದ ಪಟ್ಟಿಯನ್ನು ಮುಂದಿಟ್ಟು, ನಿನ್ನ ಹೆಸರು ಹೊಡೆದಿದೆಯಲ್ಲಪ್ಪ, ನಿಮ್ಮ ಸೆಕ್ರೆಟರಿಯೇ ಸಹಿ ಮಾಡಿದ್ದಾರೆ ಎಂದರಂತೆ. ಶೂ ಕಟ್ಟುವ ಅವಕಾಶವೂ ಸಿಗಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ ಬಂದ. ಶೂಗಳನ್ನು ಒರೆಸಿ, ಕಾಗದ ತುಂಬಿ, ಅಟ್ಟಕ್ಕೆ ಹಾಕಿದ. ನಾನು ಹೋಗಿ ಬಾಗಿಲಲ್ಲಿ ನಿಂತೆ. 

“ಪರವಾಯಿಲ್ಲೆ ಮಾಮಾ,” ಎಂದ ಅವನೇ.

ಅವನು ಅಂದು ಬೈದಿದ್ದರೆ ನಾನು ಕಾಲು ಹಿಡಿದಾದರೂ ಕ್ಷಮೆ ಕೇಳುತ್ತಿದ್ದೆನೋ ಏನೋ. ಪರವಾಗಿಲ್ಲ ಎಂದವನ ಬಳಿ ಏನೆಂದು ಕೇಳುವುದು? ಹಾಗೆಂದುಕೊಂಡೇ ಕೇಳದೆ ಉಳಿದೆ. ಅದೂ ಒಂದು ನೆಪವೇ. ಆ ವರ್ಷದ ಕೊನೆಗೆ ಪೋರೂರಿನ ಒಂದು ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಅವನಿಗೆ ಕೆಲಸ ಸಿಕ್ಕಿತು. ದೂರವಾಗುತ್ತದೆ ಎಂದು ಅಮ್ಮನನ್ನೂ ಕರೆದುಕೊಂಡು ಅಲ್ಲೇ ಬಾಡಿಗೆ ಮನೆ ಮಾಡಿದ. ಹಿಂಭಾಗದ ಎರಡು ಕೋಣೆ ಖಾಲಿಯಾದವು. ಮತ್ತೆರಡು ವರ್ಷಕ್ಕೆ ನಮ್ಮ ಕ್ಲಬ್ಬೂ ಮುಚ್ಚಿತು.

ಗೃಹಪ್ರವೇಶದ ಮನೆಯಲ್ಲಿ ಜಯುವಿನ ಐದು ವರ್ಷದ ಮಗಳು ಯಾವುದೋ ವಿದೇಶಿ ಆಟಗಾರನ ಹೆಸರು ಬೆನ್ನಿಗಿದ್ದ ಫುಟ್‌ಬಾಲ್ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಳು. ರೇಷ್ಮೆ ಲಂಗ ಚುಚ್ಚುತ್ತದೆಂದು ಬಿಚ್ಚಿ ಎಸೆದಿದ್ದಳಂತೆ. ಹತ್ತಿರ ಕರೆದು, “ನಿಮ್ಮಪ್ಪಾನೂ ಆಡ್ತಿದ್ದ, ಗೊತ್ತಾ? ಲೆಫ್ಟ್ ವಿಂಗ್,” ಎಂದೆ.

“ಅಪ್ಪಾವಾ?” ಎಂದಳು. ಅವನ ಕಡೆ ನೋಡಿ ನಕ್ಕು, “ಪೊಯ್,” ಎಂದಳು. ಸುಳ್ಳು ಎನ್ನುವುದಕ್ಕೆ ತಮಿಳು ಮಾತು. ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಮಹಡಿಯ ಮೇಲೆ ಎಲೆ ಹಾಕಿದರು. ನಾನು ರೂಢಿಯಂತೆ ಉತ್ತರೀಯ ಸೊಂಟಕ್ಕೆ ಬಿಗಿದು ಸಾರಿನ ಬಕೆಟ್ಟಿಗೆ ಕೈ ಹಾಕಿದೆ. ಸೋದರಮಾವ ಬಡಿಸದೆ ಇನ್ನಾರು ಬಡಿಸಬೇಕು? ಜಯು ಎಲ್ಲಿದ್ದನೋ, ಮೆಟ್ಟಿಲು ಹತ್ತಿಬಂದ ನೋವಿಗೆ ಕಾಲೆಳೆಯುತ್ತ ಬಂದು ಬಕೆಟ್ಟನ್ನು ಮೆಲ್ಲನೆ ನನ್ನ ಕೈಯಿಂದ ಬಿಡಿಸಿಕೊಂಡ.

“ನೀವ್ಯಾಕೆ ಮಾಮಾ? ಬನ್ನಿ, ಮೊದಲ್ನೇ ಪಂಕ್ತಿಲಿ ನಿಮ್ಗೆ ಜಾಗ ಇಟ್ಟಿದೀನಿ.”

“ನಾನು ಆಮೇಲೆ ಕೂರ್ತೀನಿ ಕಣೋ, ನಿಮ್ಮ ಜೊತೆ.”

“ಬೇಡ ಮಾಮಾ. ಲೇಟಾಗತ್ತೆ. ನೀವು ಕೂತ್ಕೊಳಿ,” ಎಂದ, ತುಂಬ ಮರ್ಯಾದೆಯಿಂದ.

ಕೂತೆ. ಅವನೇ ಬಡಿಸಿದ. ಪಂಕ್ತಿಯ ಕೊನೆಯಲ್ಲಿ ನೀರು ಹಂಚುತ್ತಿದ್ದವನನ್ನು ಎಲ್ಲೋ ನೋಡಿದ ಹಾಗಿತ್ತು. ಕೂದಲು ನರೆತಿದ್ದರಿಂದ ಗುರುತು ಹತ್ತಲು ಹೊತ್ತಾಯಿತು, ಆಟೋ ಕುಮಾರ್. ಅಕ್ಕ ಅವನನ್ನು ಕರೆದು, ನೀನು ಹೊರಟುಬಿಡಬೇಡ, ಕೊನೆಗೆ ನಮ್ಮ ಜೊತೆ ಊಟಕ್ಕೆ ಕೂರು ಎಂದು ತಮಿಳಿನಲ್ಲಿ ಹೇಳುತ್ತಿದ್ದಳು.

ಊಟದಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಹಪ್ಪಳ ಗರಿಗರಿಯಾಗಿತ್ತು. ಜಯು ಪಾಯಸವನ್ನು ಎರಡು ಸಲ ಬಡಿಸಿದ, ಮೂರನೆಯ ಸಲವೂ ಬಗ್ಗಿ, “ಸಂಕೋಚ ಮಾಡ್ಕೋಬೇಡಿ ಮಾಮಾ,” ಎಂದ.